ಹಾಲ್‌ನಲ್ಲೊಂದು ಯುದ್ಧನೌಕೆ: ಎಂಪ್ಟಿಎಪ್ಸಿಲಾನ್ ಆಟಕ್ಕೆ ನೌಕಾಪಡೆಯ ಶಿಸ್ತು ತರುವ ಸಮಗ್ರ ಮಾರ್ಗದರ್ಶಿ

ಈ ಕಂಪ್ಯೂಟರ್ ಆಟದಲ್ಲಿ ನಮ್ಮ ಮೊದಲ ಬಾಹ್ಯಾಕಾಶ ಹಡಗು ಹಾಳಾಗಿದ್ದು "ಆಯ್ತು" ಅನ್ನುವ ಒಂದೇ ಮಾತಿನಿಂದ. ನಾನು ಕ್ಯಾಪ್ಟನ್. "ಶೀಲ್ಡ್ ಹಾಕು" ಅಂದೆ, ಅಂದರೆ ಹಡಗಿನ ರಕ್ಷಾಕವಚ. ಆಯುಧ ನೋಡಿಕೊಳ್ಳುವ ವೆಪನ್ಸ್ ಕುರ್ಚಿಯಿಂದ "ಆಯ್ತು" ಅಂತ ಉತ್ತರ ಬಂತು. ಶೀಲ್ಡ್ ಏರಿದೆ ಅಂದುಕೊಂಡು ಹಡಗನ್ನು ಶತ್ರುವಿನ ಮೂತಿಗೇ ತಿರುಗಿಸಿದೆವು. ಅವನು ಹೇಳಿದ್ದು "ಆಯ್ತು, ಹಾಕ್ತೀನಿ" ಅಂತ. ನಾನು ಕೇಳಿಸಿಕೊಂಡದ್ದು "ಹಾಕಿ ಆಯ್ತು" ಅಂತ. ಅವನ ಕೈ ಇನ್ನೂ ಮಿಸೈಲ್ ಲೋಡ್ ಮಾಡುವುದರಲ್ಲೇ ಇತ್ತು. ಅರ್ಧ ನಿಮಿಷದಲ್ಲಿ ಟೀವಿ ತುಂಬ ಬೆಂಕಿ. ಆಮೇಲೆ ಆರೂ ಜನ ಒಬ್ಬರ ಮೇಲೊಬ್ಬರು ಕೂಗಾಡಿದ್ದು ಬೇರೆ ಕಥೆ.

ಯುದ್ಧನೌಕೆಯ ವಾತಾವರಣ ಬೇಕು ಅಂದರೆ ಎಲ್ಲರೂ ಮೊದಲು ಹುಡುಕುವುದು ಟೋಪಿ, ಬ್ಯಾಡ್ಜು, ಸೆಲ್ಯೂಟ್. ನಾವೂ ಹುಡುಕಿದ್ದೆವು. ಹತ್ತು ನಿಮಿಷ ನಗು ಬರುತ್ತದೆ, ಅಷ್ಟೇ. ಹಡಗು ನಿಜ ಅನ್ನಿಸುವುದು ಹೇಳಿದ ಮಾತು ಹೇಳಿದವರ ಹತ್ತಿರ ವಾಪಸ್ ಬಂದಾಗ. ಅದನ್ನು ನಿಮ್ಮ ಮನೆಯ ಹಾಲ್‌ನಲ್ಲಿ ಹೇಗೆ ತರುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಹಡಗು ಜೋಡಿಸಿ

ಎಂಪ್ಟಿಎಪ್ಸಿಲಾನ್ ಉಚಿತ ಆಟ, ಓಪನ್ ಸೋರ್ಸ್. 2010ರಲ್ಲಿ ಬಂದ ಆರ್ಟೆಮಿಸ್ ಎಂಬ ಆಟದ ಜಾಡಿನಲ್ಲೇ ಹುಟ್ಟಿದ್ದು. ಒಂದೇ ಬಾಹ್ಯಾಕಾಶ ಹಡಗನ್ನು ಐದಾರು ಜನ ಸೇರಿ ನಡೆಸಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ಕ್ರೀನ್, ಬೇರೆ ಬೇರೆ ಕೆಲಸ.

ಒಂದು ಕಂಪ್ಯೂಟರ್ ಸರ್ವರ್ ಆಗಲಿ. ಅದನ್ನು ಟೀವಿಗೆ ಸಿಕ್ಕಿಸಿದರೆ ಅದೇ ಹಡಗಿನ ಮುಂದಿನ ಕಿಟಕಿ. ಉಳಿದ ಲ್ಯಾಪ್‌ಟಾಪ್‌ಗಳು ಅದೇ ವೈಫೈ ಮೂಲಕ ಸೇರಿಕೊಳ್ಳಲಿ. ಇಂಟರ್ನೆಟ್ ಬೇಡ, ರೂಟರ್ ಇದ್ದರೆ ಸಾಕು. ಎಲ್ಲದರಲ್ಲೂ ಆಟದ ಒಂದೇ ವರ್ಷನ್ ಇರಲಿ. ಇದನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಇಲ್ಲದಿದ್ದರೆ ಶನಿವಾರ ಸಂಜೆ ಡೌನ್‌ಲೋಡ್ ಕಾಯುವುದರಲ್ಲೇ ಕಳೆಯುತ್ತದೆ. ಕರೆಂಟ್ ಕೈಕೊಡುವ ಊರಾದರೆ ರೂಟರನ್ನು ಯುಪಿಎಸ್‌ಗೆ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ರೂಟರ್ ಆರಿಹೋಗುತ್ತದೆ. ಸರ್ವರ್ ಡೆಸ್ಕ್‌ಟಾಪ್ ಆಗಿದ್ದರೆ ಅದಕ್ಕೂ ಇದೇ ಮಾತು.

ಕುರ್ಚಿಗಳ ಬಗ್ಗೆ ಸ್ವಲ್ಪ ಯೋಚಿಸಿ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಎಂಬ ಹಳೆಯ ಕ್ಷಿಪಣಿ ನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. 1976ರಲ್ಲಿ ನೌಕಾಪಡೆಗೆ ಸೇರಿದ್ದು, ಉದ್ದ 40 ಮೀಟರೂ ಇಲ್ಲ. ಒಳಗೆ ಹೋಗಿ ಬಂದರೆ ಒಂದು ವಿಷಯ ಮೈಗೇ ಗೊತ್ತಾಗುತ್ತದೆ: ಯುದ್ಧನೌಕೆ ಅಂದರೆ ಇಕ್ಕಟ್ಟು. ಸಿನಿಮಾದಲ್ಲಿ ತೋರಿಸುವ ವಿಶಾಲವಾದ ಹೊಳೆಯುವ ಹಾಲ್ ಅಲ್ಲ. ಹಾಗಾಗಿ ಸೋಫಾ ಮೇಲೆ ಹರಡಿಕೊಂಡು ಕೂರಬೇಡಿ. ಊಟದ ಮೇಜಿನ ಗಟ್ಟಿ ಕುರ್ಚಿಗಳನ್ನು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹಾಕಿ. ಹೆಲ್ಮ್ (ಹಡಗು ತಿರುಗಿಸುವವರು) ಮತ್ತು ವೆಪನ್ಸ್ ಮುಂದೆ, ಜೊತೆಜೊತೆಗೆ. ಸೈನ್ಸ್ (ಬೇರೆ ಹಡಗುಗಳನ್ನು ಸ್ಕ್ಯಾನ್ ಮಾಡುವವರು) ಮತ್ತು ರಿಲೇ (ನಕ್ಷೆ, ಸಂದೇಶ ನೋಡುವವರು) ಒಂದು ಪಕ್ಕಕ್ಕೆ. ಇಂಜಿನಿಯರಿಂಗ್ ಹಿಂದಿನ ಮೂಲೆಯಲ್ಲಿ, ಟೀವಿಗೆ ಬೆನ್ನು ಹಾಕಿ. ಇದು ನನ್ನ ಹಟ. ಇಂಜಿನ್ ರೂಮಿನವರು ಯುದ್ಧವನ್ನು ನೋಡಬಾರದು, ಕೇಳಬೇಕು. ನಮ್ಮ ಇಂಜಿನಿಯರ್ ಮೊದಲು ಬೈದುಕೊಂಡ. ಈಗ ಬೇರೆ ಕಡೆ ಕೂರಿಸಿದರೆ ಒಪ್ಪುವುದಿಲ್ಲ.

ಕ್ಯಾಪ್ಟನ್‌ಗೆ ಲ್ಯಾಪ್‌ಟಾಪ್ ಕೊಡಬೇಡಿ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು.

ಹೆಜ್ಜೆ 2: ಯಾರು ಎಲ್ಲಿ

ಈ ಆಟದ ಜಾಣತನ ಇರುವುದೇ ಇಲ್ಲಿ: ಯಾರಿಗೂ ಪೂರ್ತಿ ಚಿತ್ರ ಕಾಣುವುದಿಲ್ಲ. ಹೆಲ್ಮ್ ಮತ್ತು ವೆಪನ್ಸ್ ರೇಡಾರ್‌ನಲ್ಲಿ ಸಾಮಾನ್ಯವಾಗಿ 5 ಯೂನಿಟ್ (ಆಟದೊಳಗಿನ ಅಳತೆ) ದೂರದವರೆಗೆ ಮಾತ್ರ ಕಾಣುತ್ತದೆ. ಸೈನ್ಸ್‌ಗೆ 30 ಯೂನಿಟ್. ರಿಲೇ ಹತ್ತಿರ ಇಡೀ ಪ್ರದೇಶದ ನಕ್ಷೆ ಇದೆ. ಆದರೆ ನಮ್ಮವರ ಹಡಗು, ನಿಲ್ದಾಣ, ಅಥವಾ ಬಿಟ್ಟ ಪ್ರೋಬ್ (ಸುತ್ತ ನೋಡಲು ಕಳಿಸುವ ಸಣ್ಣ ಯಂತ್ರ) ಇರುವ ಕಡೆ ಮಾತ್ರ ಅದು ಜೀವಂತ. ಇಂಜಿನಿಯರಿಂಗ್‌ಗೆ ಹೊರಗಿನದು ಏನೂ ಕಾಣುವುದಿಲ್ಲ. ಮಾತಾಡದೆ ಬೇರೆ ದಾರಿಯೇ ಇಲ್ಲ.

ಹೆಲ್ಮ್‌ಗೆ ವೇಗದ ಕೈಯವರು ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಬೇಕಾದ್ದು ಹೇಳಿದಷ್ಟೇ ಮಾಡುವವರು. ರೇಸಿಂಗ್ ಆಟದ ಹುಚ್ಚಿರುವ ಗೆಳೆಯನನ್ನು ಅಲ್ಲಿ ಕೂರಿಸಬೇಡಿ, ಹಡಗು ಅವನದಾಗಿಬಿಡುತ್ತದೆ. ವೆಪನ್ಸ್ ಕೆಲಸ ಹೊರಗಿನಿಂದ ಮಜಾ ಅನ್ನಿಸುತ್ತದೆ. ಆದರೆ ಟ್ಯೂಬ್ ಲೋಡ್ ಆಗುವುದನ್ನು ಕಾಯುವುದೇ ಜಾಸ್ತಿ. ಅಟ್ಲಾಂಟಿಸ್ ಎಂಬ ಹಡಗು ತೆಗೆದುಕೊಂಡರೆ ಇನ್ನೂ ಚೆನ್ನ. ಅದರ ಮಿಸೈಲ್ ಟ್ಯೂಬ್‌ಗಳು ಎಡಬಲ ಪಕ್ಕಕ್ಕಿವೆ. ಹೊಡೆಯಬೇಕಾದರೆ ಹೆಲ್ಮ್ ಹಡಗಿನ ಪಕ್ಕವನ್ನು ಶತ್ರುವಿಗೆ ತೋರಿಸಬೇಕು. ಇಬ್ಬರೂ ಮಾತಾಡದಿದ್ದರೆ ಮಿಸೈಲ್ ಎಲ್ಲೋ ಹೋಗುತ್ತದೆ.

ಸೈನ್ಸ್ ಕುರ್ಚಿಗೆ ತಾಳ್ಮೆ ಇರುವವರು. ಒಂದು ಸ್ಕ್ಯಾನ್ ಮಾಡಿದರೆ ಎದುರಿನ ಹಡಗು ಯಾವ ಕಡೆಯದು ಗೊತ್ತಾಗುತ್ತದೆ. ಇನ್ನೊಂದು ಮಾಡಿದರೆ ಅದರ ಶೀಲ್ಡ್ ಯಾವ ಫ್ರೀಕ್ವೆನ್ಸಿಯಲ್ಲಿ ದುರ್ಬಲ ಅಂತ ಕಾಣುತ್ತದೆ. ಅದನ್ನು ಬಾಯಲ್ಲಿ ವೆಪನ್ಸ್‌ಗೆ ಹೇಳಬೇಕು, ಅವರು ತಮ್ಮ ಬೀಮ್‌ಗೆ, ಅಂದರೆ ಕಿರಣದ ಆಯುಧಕ್ಕೆ, ಹೊಂದಿಸಿಕೊಳ್ಳಬೇಕು. ರಿಲೇ ಕೆಲಸಕ್ಕೆ ಫೋನಿನಲ್ಲಿ ಚೆನ್ನಾಗಿ ಮಾತಾಡುವವರು ಯಾರೋ ಅವರು.

ಇಂಜಿನಿಯರಿಂಗ್ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಬೇಕು. ರಿಯಾಕ್ಟರ್, ಇಂಜಿನ್, ಬೀಮ್, ಶೀಲ್ಡ್, ಹೀಗೆ ಪ್ರತಿಯೊಂದಕ್ಕೂ ಎಷ್ಟು ಪವರ್, ಎಷ್ಟು ಕೂಲೆಂಟ್ (ಬಿಸಿ ಇಳಿಸುವ ದ್ರವ) ಅಂತ ಹಂಚುವುದು ಇವರೇ. ಪವರನ್ನು 300% ತನಕ ಏರಿಸಬಹುದು. ಏರಿಸಿದರೆ ಬಿಸಿಯಾಗುತ್ತದೆ, ಬಿಸಿ ಮಿತಿ ಮೀರಿದರೆ ಕೆಡುತ್ತದೆ. ಕೂಲೆಂಟ್ ಇರುವುದು ಒಟ್ಟು 10 ಪಾಲು. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕಿಲ್ಲ. ತಿಂಗಳ ಕೊನೆಯಲ್ಲಿ ಮನೆ ನಡೆಸಿದ ಹಾಗೆ. ಒಡೆದದ್ದನ್ನು ಸರಿಮಾಡಲು ರಿಪೇರಿ ಸಿಬ್ಬಂದಿಯನ್ನು ಕೋಣೆಯಿಂದ ಕೋಣೆಗೆ ಓಡಿಸುವುದೂ ಇವರೇ. ಮನೆಯ ಲೆಕ್ಕ ಬರೆದಿಡುವ ಅಭ್ಯಾಸ ಇರುವವರಿಗೆ ಈ ಕುರ್ಚಿ ಕೊಡಿ.

ಹೆಜ್ಜೆ 3: ಮಾತಿಗೆ ಚೌಕಟ್ಟು

ಉಳಿದದ್ದೆಲ್ಲ ಬಿಟ್ಟರೂ ಪರವಾಗಿಲ್ಲ, ಇದೊಂದನ್ನು ಮಾಡಿ.

ಬ್ರಿಟಿಷ್ ನೌಕಾಪಡೆಯ ಪದ್ಧತಿಯಲ್ಲಿ ಅಧಿಕಾರಿ "ಸ್ಟಾರ್‌ಬೋರ್ಡ್ ಟೆನ್" (ಬಲಕ್ಕೆ ಹತ್ತು) ಅಂದರೆ ಚುಕ್ಕಾಣಿ ಹಿಡಿದವನು ಮೊದಲು ಅದನ್ನೇ ತಿರುಗಿ ಹೇಳುತ್ತಾನೆ. ಚಕ್ರ ಹತ್ತು ಡಿಗ್ರಿಗೆ ತಿರುಗಿದ ಮೇಲೆ "ಟೆನ್ ಆಫ್ ಸ್ಟಾರ್‌ಬೋರ್ಡ್ ವೀಲ್ ಆನ್" ಅಂತ ಮತ್ತೆ ಹೇಳುತ್ತಾನೆ. ಒಂದು ಕೆಲಸಕ್ಕೆ ಎರಡು ಉತ್ತರ: ಕೇಳಿಸಿತು ಅಂತ ಒಂದು, ಮುಗಿಯಿತು ಅಂತ ಇನ್ನೊಂದು. ನಮ್ಮ "ಆಯ್ತು" ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಅಮ್ಮ "ಗೇಟ್ ಹಾಕಿದ್ಯೇನೋ" ಅಂದಾಗ "ಆಯ್ತಮ್ಮಾ" ಅನ್ನುವ ಆ "ಆಯ್ತು" ನೆನಪಿಸಿಕೊಳ್ಳಿ. ಗೇಟ್ ಹಾಕಿದೆಯೋ ಇಲ್ಲವೋ ದೇವರಿಗೇ ಗೊತ್ತು.

ಹಾಗಾಗಿ ನಮ್ಮ ಹಡಗಿನಲ್ಲಿ "ಆಯ್ತು" ನಿಷೇಧ. "ಹೂಂ", "ಓಕೆ" ಕೂಡ. ಅದರ ಬದಲು ಹೀಗೆ:

"ವೆಪನ್ಸ್, ಶೀಲ್ಡ್ ಏರಿಸಿ."
"ಶೀಲ್ಡ್ ಏರಿಸ್ತಿದ್ದೀನಿ."
"ಶೀಲ್ಡ್ ಮೇಲಿದೆ."

ಮೂರನೆಯ ಸಾಲು ಬರುವ ತನಕ ಕ್ಯಾಪ್ಟನ್ ಮಟ್ಟಿಗೆ ಶೀಲ್ಡ್ ಇಲ್ಲ. ಮೊದಲ ಎರಡು ಆಟ ಇದು ನಾಟಕ ಅನ್ನಿಸುತ್ತದೆ, ನಗು ಬರುತ್ತದೆ. ಮೂರನೆಯ ಆಟಕ್ಕೆ ನಗು ನಿಲ್ಲುತ್ತದೆ. ಐದನೆಯದಕ್ಕೆ ಯಾರಾದರೂ ತಿರುಗಿ ಹೇಳದಿದ್ದರೆ ಮೈ ಜುಮ್ ಅನ್ನುತ್ತದೆ.

ಅಪ್ಪಣೆಯಲ್ಲಿ ಮೊದಲು ಕುರ್ಚಿಯ ಹೆಸರು ಬರಲಿ. "ಎಡಕ್ಕೆ ತಿರುಗಿಸು ಮಗಾ" ಅಂದರೆ ಕೋಣೆಯಲ್ಲಿರುವ ಐದು ಮಗಂದಿರಲ್ಲಿ ಯಾರು ತಿರುಗಿಸಬೇಕು? "ಹೆಲ್ಮ್" ಅಂದ ಕೂಡಲೇ ಒಬ್ಬರು ಕಿವಿ ನಿಮಿರಿಸುತ್ತಾರೆ, ಉಳಿದವರು ತಮ್ಮ ಕೆಲಸ ಮುಂದುವರಿಸುತ್ತಾರೆ. ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು ಎಲ್ಲರಿಗೂ "ನೀವು". ಸ್ಕೂಲಿನಿಂದ ಜೊತೆಗಿರುವ ಗೆಳೆಯನಿಗೆ "ಏರಿಸಿ", "ಹೇಳಿ" ಅನ್ನುವುದು ಕಷ್ಟ, ನಿಜ. ಆದರೆ ಕನ್ನಡದಲ್ಲಿ ಈ ಸಲಕರಣೆ ಪುಕ್ಕಟೆ ಸಿಕ್ಕಿದೆ. ಸೆಲ್ಯೂಟ್ ಮಾಡದ ಕೆಲಸವನ್ನು ಒಂದು "ಇ"ಕಾರ ಮಾಡುತ್ತದೆ. ಇನ್ನೊಂದು ಲಾಭ: ತಂಡದಲ್ಲಿ ಯಾರದೋ ತಮ್ಮನೋ ತಂಗಿಯೋ ಇದ್ದರೆ ಅವರ ಮಾತಿಗೂ ಸಮಾನ ತೂಕ ಬರುತ್ತದೆ.

ಇನ್ನು ಅಂಕಿಗಳು. ಇಪ್ಪತ್ತು, ಎಪ್ಪತ್ತು. ಇನ್ನೂರು, ಮುನ್ನೂರು. ಆರು, ಮೂರು, ನೂರು. ಫ್ಯಾನ್ ಸದ್ದಿನಲ್ಲಿ ಇವನ್ನು ಒಮ್ಮೆ ಕೂಗಿ ನೋಡಿ. ನಮ್ಮ ಹೆಲ್ಮ್ ಒಮ್ಮೆ "ಎಪ್ಪತ್ತು" ಅಂದದ್ದನ್ನು "ಇಪ್ಪತ್ತು" ಅಂತ ಕೇಳಿಸಿಕೊಂಡು ಹಡಗನ್ನು ಸ್ಫೋಟಕ ಮೈನ್‌ಗಳ ನಡುವೆ ನುಗ್ಗಿಸಿದ್ದರು. ಹಡಗಿನವರೂ ವಿಮಾನದವರೂ ದಿಕ್ಕನ್ನು ಮೂರು ಅಂಕಿಯಲ್ಲಿ, ಒಂದೊಂದೇ ಅಂಕಿಯಾಗಿ ಹೇಳುವುದು ಇದಕ್ಕೇ. 70 ಡಿಗ್ರಿ ಅಂದರೆ "ಸೊನ್ನೆ, ಏಳು, ಸೊನ್ನೆ". 200 ಅಂದರೆ "ಎರಡು, ಸೊನ್ನೆ, ಸೊನ್ನೆ". ಆಟದಲ್ಲೂ ದಿಕ್ಕು 0ಯಿಂದ 359ರವರೆಗೆ ಇರುವುದರಿಂದ ಸರಿಹೊಂದುತ್ತದೆ. ಇಂಗ್ಲಿಷ್ ಅಂಕಿ ಬಳಸಿದರೂ ತೊಂದರೆಯಿಲ್ಲ, ಎರಡನ್ನೂ ಬೆರೆಸಬೇಡಿ. "ಏಳು" ಅಂದಾಗ ಎದ್ದು ನಿಲ್ಲುವ ಜೋಕನ್ನು ಯಾರಾದರೂ ಮಾಡೇ ಮಾಡುತ್ತಾರೆ. ಒಂದು ಸಲ ಬಿಟ್ಟುಬಿಡಿ.

ಹೆಜ್ಜೆ 4: ಒಂದು ಹಾಳೆಯ ಕಾಯಂ ಆದೇಶ

ನಿಜವಾದ ಹಡಗಿನ ಕ್ಯಾಪ್ಟನ್ ಇಪ್ಪತ್ನಾಲ್ಕು ಗಂಟೆಯೂ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತಿರುವುದಿಲ್ಲ. ಮಲಗುವ ಮುಂಚೆ ರಾತ್ರಿಯ ಆದೇಶಗಳನ್ನು ಪುಸ್ತಕದಲ್ಲಿ ಬರೆದಿಟ್ಟು ಹೋಗುವುದು ಹಳೆಯ ಪದ್ಧತಿ. ಏನಾದರೆ ಎಬ್ಬಿಸಬೇಕು, ಏನನ್ನು ಕೇಳದೆಯೇ ಮಾಡಬಹುದು ಅಂತ. ನೀವೂ ಒಂದು ಹಾಳೆ ಬರೆದು ಟೀವಿ ಪಕ್ಕ ಅಂಟಿಸಿ. ನಮ್ಮದು ಇಷ್ಟೇ:

- ಗುರುತಿಲ್ಲದ ಹಡಗು ಕಂಡರೆ ಸೈನ್ಸ್ ಕೇಳದೆ ಸ್ಕ್ಯಾನ್ ಮಾಡಬಹುದು. ವೆಪನ್ಸ್ ಕೇಳದೆ ಹೊಡೆಯುವಂತಿಲ್ಲ.
- ನ್ಯೂಕ್ (ಅಣ್ವಸ್ತ್ರ ಮಿಸೈಲ್) ಹಾರಿಸುವ ಮುಂಚೆ ಕ್ಯಾಪ್ಟನ್ ಅಪ್ಪಣೆ, ಜೊತೆಗೆ ಹತ್ತಿರ ನಮ್ಮವರಿಲ್ಲ ಅಂತ ಸೈನ್ಸ್ ಮಾತು. ಎರಡೂ ಬೇಕು.
- ಎನರ್ಜಿ 300ಕ್ಕೆ ಇಳಿದರೆ ಇಂಜಿನಿಯರಿಂಗ್ ಯಾರ ಮಾತನ್ನೂ ಕತ್ತರಿಸಿ ಹೇಳಬಹುದು.
- ಡಿಕ್ಕಿ ಆಗುವಂತಿದ್ದರೆ ಹೆಲ್ಮ್ ಮೊದಲು ತಿರುಗಿಸಲಿ, ಆಮೇಲೆ ಹೇಳಲಿ.

ಕೊನೆಯದು ಮುಖ್ಯ. ಎಲ್ಲದಕ್ಕೂ ಅಪ್ಪಣೆ ಕಾಯುವ ಹಡಗು ಶಿಸ್ತಿನದಲ್ಲ, ಹೆದರಿದ ಹಡಗು.

ಹೆಜ್ಜೆ 5: ಪಾಳಿ ಮತ್ತು ಕೈಬದಲು

ಸಾಂಪ್ರದಾಯಿಕ ನೌಕಾ ಪಾಳಿ ನಾಲ್ಕು ಗಂಟೆಯದು. ಸಂಜೆ 4ರಿಂದ 8ರ ಪಾಳಿಯನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಮಾಡುತ್ತಾರೆ. ಆಗ ದಿನಕ್ಕೆ ಏಳು ಪಾಳಿ ಆಗುತ್ತದೆ, ಬೆಸ ಸಂಖ್ಯೆ. ಒಬ್ಬರಿಗೇ ದಿನಾ ನಡುರಾತ್ರಿಯ ಪಾಳಿ ಬೀಳುವುದು ತಪ್ಪುತ್ತದೆ. ಎಷ್ಟು ಸರಳವಾದ ಉಪಾಯ ಅಲ್ವಾ?

ಮನೆಯಲ್ಲಿ ಮೂರು ಗಂಟೆ ಆಡುತ್ತೀರಿ ಅಂದರೆ 40 ನಿಮಿಷದ ಪಾಳಿ ಮಾಡಿ. ಇಬ್ಬರು ಕುರ್ಚಿ ಬದಲಿಸಲಿ, ಉಳಿದವರು ಇರಲಿ. ಆಟ ನಿಲ್ಲಿಸಬೇಡಿ. ಬರುವವರು ಹಿಂದೆ ನಿಂತು ಒಂದು ನಿಮಿಷ ಸ್ಕ್ರೀನ್ ನೋಡಲಿ. ಕೂತವರು ನಾಲ್ಕು ವಿಷಯ ಹೇಳಲಿ: ಎಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ, ಏನು ಕೆಟ್ಟಿದೆ, ಯಾವ ಅಪ್ಪಣೆ ಬಾಕಿ ಇದೆ. ಆಮೇಲೆ ಬಂದವರು ಎಲ್ಲರಿಗೂ ಕೇಳುವಂತೆ "ಹೆಲ್ಮ್ ನನ್ನ ಕೈಲಿದೆ" ಅನ್ನಬೇಕು. ಆ ಮಾತು ಬರುವ ತನಕ ಜವಾಬ್ದಾರಿ ಹಳಬರದ್ದೇ. ಕ್ಯಾಪ್ಟನ್ ನೀರು ಕುಡಿಯಲು ಎದ್ದರೂ ಇದೇ: "ಹಡಗು ಸೈನ್ಸ್ ಕೈಗೆ." "ಹಡಗು ನನ್ನ ಕೈಲಿದೆ." ಇದನ್ನು ಮೊದಲ ಸಲ ಹೇಳುವವರ ದನಿ ಬದಲಾಗುವುದನ್ನು ಗಮನಿಸಿ.

ಹೆಜ್ಜೆ 6: ಎಚ್ಚರಿಕೆಯ ಮೆಟ್ಟಿಲು

ರಿಲೇ ಸ್ಕ್ರೀನಿನಲ್ಲಿ ಎಚ್ಚರಿಕೆ ಮಟ್ಟ ಬದಲಿಸುವ ಬಟನ್ ಇದೆ: ಸಾಮಾನ್ಯ, ಹಳದಿ, ಕೆಂಪು. ಸುಮ್ನೆ ಬಣ್ಣ ಬದಲಿಸಿದರೆ ಏನೂ ಆಗುವುದಿಲ್ಲ, ಮನುಷ್ಯರ ನಡವಳಿಕೆ ಬದಲಾಗಬೇಕು. ಸಾಮಾನ್ಯದಲ್ಲಿ ಹರಟೆ, ಚಹಾ, ಚುರುಮುರಿ ಎಲ್ಲ ಇರಲಿ. ಹಳದಿಯಲ್ಲಿ ತಟ್ಟೆ ಕೆಳಗೆ, ಪ್ರತಿ ಕುರ್ಚಿಯಿಂದ ಒಂದು ಸಾಲಿನ ವರದಿ. ಕೆಂಪಿನಲ್ಲಿ ಕೆಲಸಕ್ಕೆ ಬೇಕಾದ ಮಾತು ಮಾತ್ರ. ಟ್ಯೂಬ್‌ಲೈಟ್ ಆರಿಸಿ, ಒಂದು ಕೆಂಪು ಬಲ್ಬ್ ಹಾಕಿ. ಹಡಗು, ಜಲಾಂತರ್ಗಾಮಿಗಳಲ್ಲಿ ಕೆಂಪು ದೀಪ ಹಾಕುವುದು ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದಿರಲಿ ಅಂತ.

ಕೆಂಪಿನ ಮೌನಕ್ಕೆ ಒಳ್ಳೆಯ ಮಾದರಿ ವಿಮಾನದಲ್ಲಿದೆ. ಅಮೆರಿಕದಲ್ಲಿ 1981ರಿಂದ ಒಂದು ನಿಯಮ: 10,000 ಅಡಿಗಿಂತ ಕೆಳಗೆ ಹಾರುವಾಗ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧ ಇಲ್ಲದ ಮಾತು ಆಡುವಂತಿಲ್ಲ. ಮೊದಲ ಸಲ ಕೆಂಪು ದೀಪದಡಿ ನಮ್ಮ ಹಾಲ್ ನಿಶ್ಶಬ್ದವಾದಾಗ ಫ್ರಿಜ್ ಸದ್ದು ರಿಯಾಕ್ಟರ್ ಹಾಗೆ ಕೇಳಿಸಿತು. ಸೌಂಡ್ ಎಫೆಕ್ಟ್‌ಗೆ ದುಡ್ಡು ಖರ್ಚು ಮಾಡಬೇಕಾಗಿಲ್ಲ.

ಹೆಜ್ಜೆ 7: ಪೆಟ್ಟು ಬಿದ್ದಾಗ

ಹೊಸಬರು ಪೆಟ್ಟು ಬಿದ್ದ ಕೂಡಲೇ "ಅಯ್ಯೋ ಹೋಯ್ತು!" ಅನ್ನುತ್ತಾರೆ. ಏನು ಹೋಯ್ತು? ಇಂಜಿನಿಯರ್‌ಗೆ ಮೂರು ತುಂಡಿನ ವರದಿ ಕಲಿಸಿ. ಏನು ಕೆಟ್ಟಿದೆ, ಎಷ್ಟು ಉಳಿದಿದೆ, ಯಾವಾಗ ಸಿಗುತ್ತದೆ. "ಜಂಪ್ ಡ್ರೈವ್ ಕೆಟ್ಟಿದೆ, 20% ಉಳಿದಿದೆ, ಒಂದು ನಿಮಿಷ ಬೇಕು." (ಹಡಗನ್ನು ಒಮ್ಮೆಲೇ ದೂರಕ್ಕೆ ಜಿಗಿಸುವ ಇಂಜಿನ್ನೇ ಜಂಪ್ ಡ್ರೈವ್.) ಕ್ಯಾಪ್ಟನ್ "ಬೇಗ ಮಾಡಿ" ಅನ್ನಬಾರದು. ಯಾರೂ ಬೇಕಂತ ನಿಧಾನ ಮಾಡುವುದಿಲ್ಲ. ಬದಲಿಗೆ ಯಾವುದು ಮೊದಲು ಅಂತ ಹೇಳಬೇಕು: "ಮೊದಲು ಶೀಲ್ಡ್, ಆಮೇಲೆ ಜಂಪ್."

ಯುದ್ಧವಿಲ್ಲದ ಹೊತ್ತಿನಲ್ಲಿ ಡ್ರಿಲ್ ಮಾಡಿ. ಗೇಮ್ ಮಾಸ್ಟರ್ (ತೆರೆಯ ಹಿಂದೆ ಆಟ ನಡೆಸುವವರು) ತಮ್ಮ ಕೋಣೆಯಿಂದ ಬಂದು ಯಾರದೋ ಭುಜ ತಟ್ಟಿ "ನಿಮಗೆ ಗಾಯ ಆಗಿದೆ" ಅನ್ನಲಿ. ಅವರು ಎದ್ದು ಸೋಫಾಕ್ಕೆ ಹೋಗಲಿ. ಪಕ್ಕದವರು ಎರಡು ಕುರ್ಚಿ ಸಂಭಾಳಿಸಬೇಕು. ಇದಕ್ಕಾಗಿಯೇ ಎಲ್ಲರೂ ಎರಡನೆಯ ಕೆಲಸವೊಂದನ್ನು ಕಲಿತಿರಬೇಕು.

ಹೆಜ್ಜೆ 8: ಕ್ಯಾಪ್ಟನ್‌ಗೆ ಎದುರು ಹೇಳುವುದು

ಇಷ್ಟೆಲ್ಲ ಶಿಸ್ತು ಬಂದ ಮೇಲೆ ಒಂದು ಅಪಾಯವೂ ಬರುತ್ತದೆ. ಕ್ಯಾಪ್ಟನ್ ತಪ್ಪು ಮಾಡುತ್ತಿದ್ದರೂ ಎಲ್ಲರೂ ಸುಮ್ಮನಿರುವುದು.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆ ಡಿಕ್ಕಿ ಹೊಡೆದವು. 583 ಜನ ಸತ್ತರು. ದಟ್ಟ ಮಂಜು. ಟೇಕಾಫ್‌ಗೆ ಓಡುತ್ತಿದ್ದ ವಿಮಾನದಲ್ಲಿ ಫ್ಲೈಟ್ ಇಂಜಿನಿಯರ್ ಅನುಮಾನ ಪಟ್ಟು, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಕೇಳಿದರು. ಹಿರಿಯ ಕ್ಯಾಪ್ಟನ್ ಖಡಾಖಂಡಿತವಾಗಿ ಹೌದು ಅಂದರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಅದಕ್ಕೂ ಸ್ವಲ್ಪ ಮುಂಚೆ ಕಂಟ್ರೋಲ್ ಟವರ್‌ನಿಂದ ಬಂದ ಉತ್ತರ "ಓಕೆ" ಅಂತಲೇ ಶುರುವಾಗಿತ್ತು. ಅದರ ಮುಂದಿನ ಮಾತು ರೇಡಿಯೋ ಕಿರಿಕಿರಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಮೂರನೇ ಹೆಜ್ಜೆಯಲ್ಲಿ "ಓಕೆ" ಬೇಡ ಅಂದದ್ದು ಬರೀ ನನ್ನ ಕಿರಿಕಿರಿಯಲ್ಲ ಅಂತ ಈಗ ಗೊತ್ತಾಯಿತಲ್ಲ.

ನಮ್ಮ ನಿಯಮ ಹೀಗಿದೆ. ಯಾರಿಗೇ ಅನುಮಾನ ಬಂದರೂ "ಕ್ಯಾಪ್ಟನ್, ಒಂದು ಆಕ್ಷೇಪ" ಅಂದು ಒಂದೇ ವಾಕ್ಯದಲ್ಲಿ ಕಾರಣ ಹೇಳಬೇಕು. ಕ್ಯಾಪ್ಟನ್ "ಆಕ್ಷೇಪ ಕೇಳಿಸಿತು" ಅಂದು, ಒಪ್ಪಬೇಕು ಅಥವಾ ಹಿಂದಿನ ಅಪ್ಪಣೆಯನ್ನೇ ಮತ್ತೆ ಹೇಳಬೇಕು. ಎರಡನೇ ಸಲ ಹೇಳಿದರೆ ವಾದವಿಲ್ಲ, ಕೆಲಸ. ಈ ಪದಗಳು ಸ್ವಲ್ಪ ಕೋರ್ಟಿನ ಹಾಗಿವೆ, ಗೊತ್ತು. ಅದೇ ಅನುಕೂಲ. "ಲೋ, ಏನೋ ಮಾಡ್ತಿದೀಯ" ಅನ್ನುವುದಕ್ಕಿಂತ ಇದು ಯಾರ ಮನಸ್ಸಿಗೂ ನೋಯುವುದಿಲ್ಲ.

ಹೆಜ್ಜೆ 9: ಬೇಸರಕ್ಕೂ ಜಾಗ ಕೊಡಿ

ಗೇಮ್ ಮಾಸ್ಟರ್ ಆದವರು ಬೇರೆ ಕೋಣೆಯಲ್ಲಿ ಕೂರಲಿ. ಅವರಿಗೆ ಪ್ರತ್ಯೇಕ ಸ್ಕ್ರೀನ್ ಇದೆ. ಬೇಕಾದ ಹಡಗನ್ನು ಬೇಕಾದ ಕಡೆ ಇಡಬಹುದು, ನಿಲ್ದಾಣದ ಪರವಾಗಿ ರಿಲೇಗೆ ಸಂದೇಶ ಕಳಿಸಬಹುದು. ಹೊಸ ಗೇಮ್ ಮಾಸ್ಟರ್‌ಗಳು ಮಾಡುವ ತಪ್ಪು ಒಂದೇ, ಐದು ನಿಮಿಷಕ್ಕೊಂದು ಯುದ್ಧ ತರುವುದು. ನಿಜವಾದ ಹಡಗಿನಲ್ಲಿ ಹೆಚ್ಚಿನ ಹೊತ್ತು ಏನೂ ಆಗುವುದಿಲ್ಲ. ಗಸ್ತು, ತಪಾಸಣೆ, ಮತ್ತೆ ಗಸ್ತು.

ಮೊದಲ 20 ನಿಮಿಷ ಒಂದೂ ಗುಂಡು ಹಾರದಿರಲಿ. ಸರಕು ಹಡಗೊಂದನ್ನು ನಿಲ್ದಾಣದವರೆಗೆ ಕಾದು ಕರೆದೊಯ್ಯುವ ಕೆಲಸ ಕೊಡಿ. ದಾರಿಯಲ್ಲಿ ಉತ್ತರಿಸದ ಒಂದು ಹಡಗು. ಅದು ಶತ್ರುವಲ್ಲ, ರೇಡಿಯೋ ಕೆಟ್ಟಿದೆ ಅಷ್ಟೇ. ಹೊಡೆಯಬೇಕೋ ಬೇಡವೋ ಅನ್ನುವ ಆ ಒಂದು ನಿಮಿಷ ಹತ್ತು ಯುದ್ಧಕ್ಕೆ ಸಮ. ಖಾಲಿ ಹೊತ್ತಿನಲ್ಲಿ ಕ್ಯಾಪ್ಟನ್ ಲಾಗ್ ಬರೆಯಲಿ. ಗಂಟೆ, ದಿಕ್ಕು, ಏನಾಯಿತು. ಬಣ್ಣ ಬಳಿಯಬೇಡಿ.

ಒಮ್ಮೆಯಾದರೂ ಸ್ವಯಂ ಸ್ಫೋಟವನ್ನು ಮಾಡಿ ನೋಡಿ. ಇಂಜಿನಿಯರಿಂಗ್ ಸ್ಕ್ರೀನಿನಿಂದ ಶುರುವಾಗುತ್ತದೆ. ಆದರೆ ಒಬ್ಬರಿಂದ ಆಗುವುದಿಲ್ಲ. ಕೋಡ್ ಒಬ್ಬರ ಸ್ಕ್ರೀನಿನಲ್ಲಿ ಕಾಣುತ್ತದೆ, ಟೈಪ್ ಮಾಡಬೇಕಾದವರು ಇನ್ನೊಬ್ಬರು. ಕೆಂಪು ದೀಪದಲ್ಲಿ ಒಂದೊಂದೇ ಅಂಕಿ ಓದಿ ಹೇಳುವುದು, ಅದನ್ನು ಇನ್ನೊಬ್ಬರು ತಿರುಗಿ ಹೇಳುವುದು. ನಮ್ಮ ಹಾಲ್‌ನಲ್ಲಿ ಆವತ್ತು ಯಾರೂ ಜೋಕ್ ಮಾಡಲಿಲ್ಲ.

ಹೆಜ್ಜೆ 10: ಊಟಕ್ಕೆ ಮುಂಚೆ ಹದಿನೈದು ನಿಮಿಷ

ಆಟ ಮುಗಿದ ಕೂಡಲೇ ದೀಪ ಹಾಕಿ, ಎಲ್ಲರೂ ಅದೇ ಕುರ್ಚಿಯಲ್ಲಿರಿ. ಲಾಗ್ ಓದಿ. ಮೊದಲು ಕ್ಯಾಪ್ಟನ್ ತನ್ನ ಎರಡು ತಪ್ಪು ಹೇಳಲಿ. ಆಮೇಲೆ ಉಳಿದವರು ಒಂದೊಂದು, ತಮ್ಮದೇ, ಬೇರೆಯವರದ್ದಲ್ಲ. ಅದರಲ್ಲಿ ಒಂದನ್ನು ಆರಿಸಿ ಕಾಯಂ ಆದೇಶದ ಹಾಳೆಗೆ ಸೇರಿಸಿ, ತಾರೀಕು ಹಾಕಿ. ಅಡುಗೆಮನೆಯಿಂದ "ಬಿಸಿಬೇಳೆಬಾತ್ ಆರ್ತಾ ಇದೆ, ಬರ್ತೀರೋ ಇಲ್ವೋ" ಅಂತ ಕೂಗು ಬರುತ್ತದೆ. ಅದಕ್ಕೆ ಮಾತ್ರ "ಆಯ್ತು" ಅನ್ನಬಹುದು.